ಛತ್ರಿ ಇಳಿಸಿದ ಮೇಲೆ

ನಮ್ಮ ಕಟ್ಟಡದ ಟೆರೇಸಿಗೆ ನೀವು ಎಂದಾದರೂ ಬಂದರೆ ಮೊದಲು ಮೂಗಿಗೆ ಮಜ್ಜಿಗೆ ಮೆಣಸಿನ ಹುಳಿ ವಾಸನೆ ತಾಗುತ್ತದೆ, ಆಮೇಲೆ ಕಣ್ಣಿಗೆ ನಮ್ಮ ಟಿವಿಯ ಡಿಶ್, ಇಲ್ಲಿಯವರ ಬಾಯಲ್ಲಿ ಛತ್ರಿ, ಬೀಳುತ್ತದೆ. ನೀರಿನ ಟಾಂಕಿಯ ಪಕ್ಕದಲ್ಲಿ ಇಟ್ಟಿಗೆಗಳ ಮೇಲೆ ಅಂಗಾತ ಮಲಗಿಸಿದ ಆ ಅಗಲವಾದ ತಟ್ಟೆಯ ತುಂಬ ನಮ್ಮ ಅತ್ತೆ ಮೆಣಸು ಒಣಗಿಸುತ್ತಾರೆ. ಕಾಗೆ ಮುಟ್ಟದಂತೆ ಮೇಲೊಂದು ಹಳೆಯ ಸೊಳ್ಳೆಪರದೆಯ ತುಂಡು. ಒಂದು ಕಾಲಕ್ಕೆ ಆಕಾಶದಿಂದ ಸಿನಿಮಾ ಹಿಡಿದುಕೊಡುತ್ತಿದ್ದ ತಟ್ಟೆ ಈಗ ಬರಿಯ ಬಿಸಿಲು ಹಿಡಿಯುತ್ತದೆ. ನಿನ್ನೆ ಮೂರನೆಯ ಮಹಡಿಯ ಮರಾಠಿ ಗೆಳತಿಯೊಬ್ಬರು ಬಟ್ಟೆ ಒಣಹಾಕಲು ಬಂದವರು, "ಆಜಿ, ಹೇ ಕುಠಲಂ ಚಾನೆಲ್?" ಎಂದು ನಗುತ್ತ ಕೇಳಿದರು, ಅಜ್ಜಿ ಇದು ಯಾವ ಚಾನೆಲ್ ಎಂದು. "ಫುಕಟ್‌ವಾಲಾ" ಎಂದರು ಅತ್ತೆ, ಮೆಣಸು ಮಗುಚುತ್ತ. ಬಿಟ್ಟಿಯದು ಎಂದರ್ಥ.

ನಾನು ಮೆಟ್ಟಿಲ ಮೇಲೆ ಕೂತು ನಕ್ಕೆ. ಆದರೆ ಆ ತಟ್ಟೆಯನ್ನು ಗೋಡೆಯಿಂದ ಬಿಚ್ಚಿ ಇಳಿಸಿದ ದಿನ ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಅದರ ಕತೆಯನ್ನು ನಿಮಗೆ ಹೇಳಬೇಕೆನಿಸಿತು. ಸ್ವಲ್ಪ ಸುತ್ತಿ ಬಳಸಿ ಹೇಳುತ್ತೇನೆ, ಬೇಸರಿಸಬೇಡಿ. ನಾನು ಧಾರವಾಡ ಕಡೆಯವಳು; ನಮ್ಮಲ್ಲಿ ಯಾವುದನ್ನೂ ನೆಟ್ಟಗೆ ಹೇಳಿದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ.

ಮದುವೆಯಾಗಿ ಡೊಂಬಿವಲಿಗೆ ಬಂದಾಗ ನಾನು ಸೇರಿದ್ದು ಉಡುಪಿಯವರ ಮನೆ. ಮಾವನವರದು ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಹೋಟೆಲು. ಮನೆಯೊಳಗೆ ತುಳು, ಗಲ್ಲಾದಲ್ಲಿ ಹಿಂದಿ, ರೈಲಿನಲ್ಲಿ ಮರಾಠಿ. ನನಗೆ ಹತ್ತಿದ ತುಳು ಊಟದ ಎಲೆಯ ಮುಂದೆ ಕೂತಾಗ ಸಾಲುವಷ್ಟು ಮಾತ್ರ: ಅನ್ನ, ನೀರು, ಸಾಕು. ಅತ್ತೆ ನನ್ನ ಮೇಲೆ ದಯೆ ತೋರಿ ಕನ್ನಡದಲ್ಲೇ ಬೈಯುತ್ತಿದ್ದರು. ನಮ್ಮ ಮಗಳು ನಿಧಿ ಇದೆಲ್ಲವನ್ನೂ ಕೇಳುತ್ತ ಬೆಳೆದು, ಎಲ್ಲವನ್ನೂ ಅರ್ಥ ಮಾಡಿಕೊಂಡು, ಎಲ್ಲರಿಗೂ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಮನೆಯಲ್ಲಿ ಕನ್ನಡ ಸಿನಿಮಾ ನೋಡುವ ಜೀವ ಅತ್ತೆಯೊಬ್ಬರೇ.

ಆ ಛತ್ರಿ ಬಂದದ್ದೂ ಅವರಿಗಾಗಿಯೇ. ಮಾವ ತೀರಿಕೊಂಡು, ಹೋಟೆಲನ್ನು ಬೇರೆಯವರಿಗೆ ನಡೆಸಲು ಕೊಟ್ಟ ಮೇಲೆ ಅತ್ತೆಯ ಮಧ್ಯಾಹ್ನಗಳು ಬಹಳ ಉದ್ದವಾದವು. ನಮ್ಮ ಓಣಿಯ ಕೇಬಲ್‌ನವನು ಮರಾಠಿ, ಹಿಂದಿ, ಗುಜರಾತಿ, ಭೋಜಪುರಿ ಎಲ್ಲ ಕೊಡುತ್ತಿದ್ದ, ಕನ್ನಡ ಕೇಳಿದರೆ ಮಾತ್ರ ನಾವು ಚಂದ್ರನನ್ನು ಕೇಳಿದ ಹಾಗೆ ನೋಡುತ್ತಿದ್ದ. ಕೊನೆಗೆ ನಮ್ಮವರು ಟೆರೇಸಿನ ಗೋಡೆಗೆ ಡಿಶ್ ಹಾಕಿಸಿದರು. ಅದರಲ್ಲೂ ಈ ಊರಿನ ಸಾದಾ ಪ್ಯಾಕಿನಲ್ಲಿ ಕನ್ನಡ ಇಲ್ಲ. ಅದಕ್ಕೊಂದು ದಕ್ಷಿಣದ ಪ್ಯಾಕ್, ಹಳೆಯ ಸಿನಿಮಾ ಬೇಕೆಂದರೆ ಅದರ ತಲೆಯ ಮೇಲೆ ಇನ್ನೊಂದು ಸಿನಿಮಾ ಪ್ಯಾಕ್. ಶಹಾಡ್‌ನ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಆಯುಷ್ಯ ಕಳೆದ ನಮ್ಮವರಿಗೆ ಪ್ರತಿ ರೀಚಾರ್ಜ್ ದಿನವೂ ಹಲ್ಲುನೋವಿನ ದಿನ. ಆದರೂ ಅಮ್ಮನಿಗೆ ಏನೂ ಅನ್ನುತ್ತಿರಲಿಲ್ಲ, ನನಗೆ ಅನ್ನುತ್ತಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ಸಿನಿಮಾ. ಅಷ್ಟರೊಳಗೆ ಅಡಿಗೆಮನೆ ಒರೆಸಿ ಮುಗಿದಿರಬೇಕು. ಅತ್ತೆ ತಲೆ ಬಾಚಿ, ತುರುಬು ಕಟ್ಟಿ, ಸೀರೆಯ ನೆರಿಗೆ ಸರಿ ಮಾಡಿಕೊಂಡು ಟಿವಿಯ ಮುಂದೆ ಕೂರುತ್ತಿದ್ದರು. "ಅತ್ತೀ, ಮನೀಯೊಳಗ ಯಾರು ನೋಡ್ತಾರ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ. "ನಾವು ಅವರನ್ನು ನೋಡುವಾಗ ಮರ್ಯಾದೆಯಲ್ಲಿ ಕೂತು ನೋಡ್ಬೇಕು ಮಾರಾಯ್ತಿ" ಎಂದಿದ್ದರು. ಮಳೆಗಾಲದಲ್ಲಿ ಮಾತ್ರ ಕಷ್ಟ. ಮೋಡ ಕವಿದರೆ ಚಿತ್ರ ಚೂರುಚೂರಾಗಿ ನಿಂತುಬಿಡುತ್ತಿತ್ತು, ಅದೂ ಸರಿಯಾಗಿ ನಾಯಕ ಕೋರ್ಟಿನಲ್ಲಿ ಬಾಯಿ ತೆರೆದಾಗ. ಅವನು ಏನು ಹೇಳುತ್ತಾನೆಂದು ಅತ್ತೆಗೆ ಬಾಯಿಪಾಠ. ಅವನ ಪರವಾಗಿ ತಾವೇ ಹೇಳಿ ಮುಗಿಸುತ್ತಿದ್ದರು.

ಈಗ ಚಿಕ್ಕತ್ತೆಯ ವಿಷಯಕ್ಕೆ ಬರುತ್ತೇನೆ. ಇಡೀ ಕತೆ ಇರುವುದೇ ಅಲ್ಲಿ.

ಅತ್ತೆಗೆ ಒಬ್ಬಳೇ ತಂಗಿ, ಸುಮತಿ. ನನಗೆ ಚಿಕ್ಕತ್ತೆ. ತಾಯಿ ತೀರಿಕೊಂಡಾಗ ಚಿಕ್ಕತ್ತೆ ಇನ್ನೂ ಲಂಗದ ಹುಡುಗಿ. ಅತ್ತೆ ಮದುವೆಯಾಗಿ ಠಾಣೆಗೆ ಬರುವಾಗ ಟ್ರಂಕಿನ ಜೊತೆಗೆ ತಂಗಿಯನ್ನೂ ಕರೆದುಕೊಂಡು ಬಂದರಂತೆ. ಹೋಟೆಲಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಸಾಕಿ, ಶಾಲೆಗೆ ಕಳಿಸಿ, ಕಲ್ಯಾಣದ ಒಳ್ಳೆಯ ಮನೆ ನೋಡಿ ಮದುವೆ ಮಾಡಿಕೊಟ್ಟರು. ಚಿಕ್ಕತ್ತೆ ಈಗಲೂ ಕಲ್ಯಾಣದಲ್ಲೇ ಮಗ ಪ್ರಶಾಂತನ ಜೊತೆ ಇದ್ದಾರೆ. ಅಕ್ಕನ ಮನೆಗೆ ಛತ್ರಿ ಬಂದ ತಿಂಗಳೇ ಅವರೂ ಹಠ ಮಾಡಿ ಅದೇ ಛತ್ರಿ, ಅದೇ ಪ್ಯಾಕ್ ಹಾಕಿಸಿಕೊಂಡಿದ್ದರು.

ಆಮೇಲೆ ಶುರುವಾಯಿತು ನೋಡಿ ಒಂದು ಪದ್ಧತಿ. ಎರಡು ಗಂಟೆಗೆ ಡೊಂಬಿವಲಿಯಲ್ಲಿ ಅಕ್ಕ, ಕಲ್ಯಾಣದಲ್ಲಿ ತಂಗಿ, ಒಂದೇ ಸಿನಿಮಾ. ಜಾಹೀರಾತು ಬಂದ ಕೂಡಲೇ ಟಿವಿಯ ಸದ್ದು ಅಡಗಿಸಿ ಫೋನ್. ಒಂದು ದಿನ ಅತ್ತೆ ಮಾಡಿದರೆ ಇನ್ನೊಂದು ದಿನ ಚಿಕ್ಕತ್ತೆ.

"ನೋಡು, ಈಗ ಆ ಭಾವ ಸುಳ್ಳು ಹೇಳ್ತಾನೆ."

"ಅವನ ಮೀಸೆ ನೋಡುವಾಗಲೇ ನನಗೆ ಗೊತ್ತಾಗಿತ್ತು ಅಕ್ಕ."

ಇಬ್ಬರೂ ಆ ಸಿನಿಮಾವನ್ನು ಎಷ್ಟು ಸಲ ನೋಡಿದ್ದರೋ ದೇವರಿಗೇ ಗೊತ್ತು. ಆದರೂ ಪ್ರತಿ ಸಲ ಹೊಸದಾಗಿ ಸಿಟ್ಟು, ಹೊಸದಾಗಿ ಕನಿಕರ. ಸೋಪು, ಟೂತ್‌ಪೇಸ್ಟು ಮಾರುವವರಿಗೆ ಗೊತ್ತಿರಲಿಲ್ಲ, ಅವರ ಜಾಹೀರಾತಿನಿಂದ ಅಕ್ಕತಂಗಿಯರ ಸಂಸಾರ ನಡೆಯುತ್ತಿತ್ತು ಎಂದು.

ಇದು ಕೆಟ್ಟದ್ದು ನಮ್ಮವರ ಅರವತ್ತರ ಶಾಂತಿಯ ದಿನ. ಡೊಂಬಿವಲಿಯ ಒಂದು ಸಭಾಂಗಣದಲ್ಲಿ ಊಟ. ಮೊದಲ ಪಂಕ್ತಿಯಲ್ಲೇ ಚಿಕ್ಕತ್ತೆ ಕೂತಿದ್ದರು. ಸಾರು ಬಡಿಸಿದರು. ಒಂದು ತುತ್ತು ಬಾಯಿಗಿಟ್ಟು ಪಕ್ಕದವರ ಹತ್ತಿರ, "ಇದು ಹೋಟೆಲ್ ಸಾರು" ಎಂದುಬಿಟ್ಟರು. ಧಾರವಾಡದಲ್ಲಿ ಯಾರಾದರೂ ಹೀಗೆ ಹೇಳಿದರೆ ನಾವು ಹೊಗಳಿದರೆಂದು ತಿಳಿಯುತ್ತೇವೆ. ಆದರೆ ಹೋಟೆಲಿನಿಂದ ಅನ್ನ ತಿಂದ ಉಡುಪಿಯವರ ಮನೆಯ ಶುಭಕಾರ್ಯದಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಗಿರಾಕಿಗೆ ಮಾಡುವ ಸಾರು ಬೇರೆ, ಮನೆಯವರಿಗೆ ಮಾಡುವ ಸಾರು ಬೇರೆ. ನೆಂಟರಿಗೆ ಗಿರಾಕಿಯ ಸಾರು ಹಾಕಿದರು ಎಂದರೆ ಮಾನ ಹೋದ ಹಾಗೆ. ಅತ್ತೆ ತುಪ್ಪದ ಪಾತ್ರೆ ಹಿಡಿದು ಅಲ್ಲೇ ಹಿಂದೆ ನಿಂತಿದ್ದರು.

"ನಿನ್ನ ಮದುವೆಯ ಊಟವೂ ಹೋಟೆಲ್ ಸಾರಿನಲ್ಲೇ ಆದದ್ದು. ಆಗ ರುಚಿ ಇತ್ತು, ಅಲ್ವಾ?" ಎಂದರು.

ಇಡೀ ಪಂಕ್ತಿಗೆ ಕೇಳಿತು. ಚಿಕ್ಕತ್ತೆ ಸಾರನ್ನದಲ್ಲೇ ಎಲೆ ಮಡಚಿ ಎದ್ದರು. ಪಾಯಸ ಇನ್ನೂ ಬಂದಿರಲಿಲ್ಲ. ಅತ್ತೆ ತುಪ್ಪದ ಪಾತ್ರೆ ಹಿಡಿದೇ ನಿಂತಿದ್ದರು. ಕರೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ನಾನು ಶಾಲೆಯಲ್ಲಿ ಕಲಿತಿದ್ದೆ, ಕಣ್ಣಾರೆ ಕಂಡದ್ದು ಅಂದು.

ಆಮೇಲೆ ಫೋನ್ ನಿಂತಿತು. ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ ಠಾಕುರ್ಲಿ ಒಂದೇ ಸ್ಟೇಷನ್ನು, ಫಾಸ್ಟ್ ಲೋಕಲ್ ಆದರೆ ಅದೂ ಇಲ್ಲ. ಅಷ್ಟು ಹತ್ತಿರದ ಊರು ದೂರದ ಊರಾಯಿತು. ನಮ್ಮವರೂ ಪ್ರಶಾಂತನೂ ಮಾತ್ರ ತಾಯಂದಿರ ಕಣ್ಣು ತಪ್ಪಿಸಿ ಪ್ಲಾಟ್‌ಫಾರ್ಮಿನಲ್ಲಿ ಭೇಟಿಯಾಗಿ ಚಹಾ ಕುಡಿಯುತ್ತಿದ್ದರು, ಕದ್ದು ಪ್ರೀತಿಸುವವರ ಹಾಗೆ.

ಅತ್ತೆ ಮಾತ್ರ ಎರಡು ಗಂಟೆಗೆ ತಪ್ಪದೆ ಕೂರುತ್ತಿದ್ದರು. ಜಾಹೀರಾತು ಬಂದರೆ ಈಗಲೂ ಸದ್ದು ಅಡಗಿಸುತ್ತಿದ್ದರು. ಫೋನ್ ಮಡಿಲಿನಲ್ಲಿ ಇರುತ್ತಿತ್ತು. ಇವರೂ ಒತ್ತುತ್ತಿರಲಿಲ್ಲ, ಅದೂ ರಿಂಗಾಗುತ್ತಿರಲಿಲ್ಲ. ನನಗೆ ಆ ಮೌನ ನೋಡಲಾಗುತ್ತಿರಲಿಲ್ಲ. "ನೀವಽ ಒಮ್ಮೆ ಮಾಡ್ರಿ ಅತ್ತೀ" ಎಂದು ಒಂದು ದಿನ ಹೇಳಿದೆ. ಅತ್ತೆ ಫೋನನ್ನು ಮಗುಚಿಟ್ಟು, "ಬೇಡ. ಎರಡು ಗಂಟೆಗೆ ಅವಳೂ ಇದನ್ನೇ ನೋಡ್ತಿರ್ತಾಳೆ. ಅಷ್ಟು ಸಾಕು" ಎಂದರು.

ಹೀಗಿರುವಾಗ ನಮ್ಮವರಿಗೆ ನಿವೃತ್ತಿಯಾಯಿತು. ನಿವೃತ್ತರಾದ ಲೆಕ್ಕದ ಮನುಷ್ಯ ಮನೆಯಲ್ಲಿ ಕೂತರೆ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು. ಮೊದಲು ಹಾಲಿನವನ ಪಾಳಿ, ಆಮೇಲೆ ಗ್ಯಾಸು, ಆಮೇಲೆ ಫ್ಯಾನು. ಕೊನೆಗೆ ಕಣ್ಣು ಛತ್ರಿಯ ಮೇಲೆ ಬಿತ್ತು. ಪ್ಯಾಕಿನ ದರ ಮತ್ತೆ ಏರಿತ್ತು. ಕಲ್ಯಾಣದಲ್ಲಿ ಪ್ರಶಾಂತನೂ ಇದೇ ಗೋಳಿನಲ್ಲಿದ್ದ. ಪ್ಲಾಟ್‌ಫಾರ್ಮಿನ ಚಹಾ ಕುಡಿಯುತ್ತ ಇಬ್ಬರೂ ಒಂದೇ ಸಲ ತೀರ್ಮಾನ ಮಾಡಿದರು: ಎರಡೂ ಮನೆಯ ಛತ್ರಿ ಬಂದ್. ನನಗೆ ಸಂಜೆ ತಿಳಿಯಿತು. 'ಅವಳೂ ಇದನ್ನೇ ನೋಡ್ತಿರ್ತಾಳೆ' ಎಂಬ ಅತ್ತೆಯ ಆ ಒಂದು ಮಾತನ್ನು ನಮ್ಮವರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. ಆದರೆ ಅಷ್ಟರಲ್ಲಿ ರೀಚಾರ್ಜ್ ಮುಗಿದು ಪರದೆ ನೀಲಿಯಾಗಿತ್ತು, ಅತ್ತೆ ಎರಡು ಗಂಟೆಯಿಂದಲೂ ನೀಲಿ ಪರದೆಯ ಮುಂದೆ ತುರುಬು ಕಟ್ಟಿಕೊಂಡು ಕೂತಿದ್ದರು.

ಕಲ್ಯಾಣದಲ್ಲೂ ಬಂದ್ ಎಂದು ನಮ್ಮವರು ಹೇಳಿದಾಗ, "ಇನ್ನು ಅವಳು ಎಂತ ನೋಡ್ತಾಳೆ ಅಂತ ನನಗೆ ಹೇಗೆ ಗೊತ್ತಾಗುವುದು?" ಎಂದು ಗೋಡೆಗೆ ಹೇಳಿದ ಹಾಗೆ ಹೇಳಿದರು. ಮಾರನೆಯ ದಿನ ಛತ್ರಿ ಇಳಿಯಿತು. ನನಗೆ ನಿಜವಾಗಿ ಅಳು ಬಂದಿತ್ತು.

ತಪ್ಪು ಮಾಡಿದ ಗಂಡಸು ಅದನ್ನು ಸರಿ ಮಾಡುವ ಉತ್ಸಾಹದಲ್ಲಿ ಇನ್ನೂ ನಾಲ್ಕು ಮಾಡುತ್ತಾನೆ. ನಮ್ಮವರು ಮೊದಲು ಅಟ್ಟದಿಂದ ಹಳೆಯ ಡಿವಿಡಿ ಪ್ಲೇಯರ್ ಇಳಿಸಿದರು. ಉಲ್ಲಾಸನಗರದ ರಸ್ತೆ ಬದಿಯಿಂದ ಒಂದು ಚೀಲ ಕನ್ನಡ ಸಿನಿಮಾದ ಡಿಸ್ಕ್ ತಂದರು. ಹೆಚ್ಚಿನವು ಹಾಡಿನ ನಡುವೆ ಸಿಕ್ಕಿಕೊಂಡು ನಾಯಕಿಯನ್ನು ಒಂದೇ ಕೈಸನ್ನೆಯಲ್ಲಿ ನಿಲ್ಲಿಸಿಬಿಡುತ್ತಿದ್ದವು. ಆಮೇಲೆ ಘೋಡಬಂದರ್ ರಸ್ತೆಯ ಹೊಸ ಕಾಂಪ್ಲೆಕ್ಸಿನಲ್ಲಿರುವ ಗೆಳೆಯರೊಬ್ಬರು ಕಲಿಸಿದರೆಂದು ಮೊಬೈಲಿಗೆ ವೈರು ಸಿಕ್ಕಿಸಿ ಟಿವಿಗೆ ಜೋಡಿಸಿದರು. ಚಿತ್ರ ಚೆನ್ನಾಗಿ ಬಂತು. ತಾಯಿ ಮಗನನ್ನು ಇಪ್ಪತ್ತು ವರ್ಷದ ಮೇಲೆ ಗುರುತು ಹಿಡಿಯುವ ಹೊತ್ತಿಗೆ ಪರದೆಯ ತುಂಬ ಸಾಲ ಕೊಡುವ ಹುಡುಗಿಯ ಕರೆ ಬಂತು. ಅತ್ತೆ ಎದ್ದು ಹೋಗಿ ಹುರುಳಿ ಆರಿಸತೊಡಗಿದರು.

ಕೊನೆಗೆ ಐರೋಲಿಯಲ್ಲಿ ಕೆಲಸ ಮಾಡುವ ನಮ್ಮ ನಿಧಿ ಒಂದು ಭಾನುವಾರ ಬೆರಳಿನಷ್ಟುದ್ದದ ಕಡ್ಡಿಯೊಂದನ್ನು ತಂದು ಟಿವಿಯ ಹಿಂದೆ ಚುಚ್ಚಿದಳು. ಮನೆಯಲ್ಲಿ ಇಂಟರ್ನೆಟ್ ಹೇಗೂ ಇತ್ತು. ಒಂದು ಸಿನಿಮಾ ಆ್ಯಪಿನ ಖಾತೆ ತೆಗೆದು, ಖರ್ಚನ್ನು ನಮ್ಮವರೂ ಪ್ರಶಾಂತನೂ ಅರ್ಧರ್ಧ ಮಾಡಿಕೊಂಡರು. ಕಲ್ಯಾಣಕ್ಕೂ ಅಂಥದೇ ಕಡ್ಡಿ, ಒಂದೇ ಖಾತೆ ಎರಡೂ ಮನೆಗೆ. ಛತ್ರಿಯ ಮುಂದೆ ಅದು ಕಡಲೆಕಾಯಿಯ ಖರ್ಚು. ಅಮ್ಮಂದಿರಿಗೆ ಹೇಳುವುದು ಬೇಡ ಎಂದು ಗಂಡಸರಿಬ್ಬರ ಒಪ್ಪಂದ. ಹೇಳಿದರೆ ಇಬ್ಬರೂ ಕಡ್ಡಿಯನ್ನು ಕಿತ್ತು ಕಿಟಕಿಯಿಂದ ಎಸೆಯುತ್ತಾರೆಂದು ಭಯ.

ಇಂಥ ಆ್ಯಪಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆ ಮಾಡಿಕೊಡಬಹುದಂತೆ. ಅವರವರ ಕೋಣೆಯಲ್ಲಿ ಅವರವರು ನೋಡಿದ್ದು, ಅರ್ಧಕ್ಕೆ ಬಿಟ್ಟದ್ದು ನೆನಪಿರುತ್ತದೆ. ನಿಧಿ ತನಗೊಂದು, ಅಪ್ಪನಿಗೊಂದು, ಪ್ರಶಾಂತನ ಸಂಸಾರಕ್ಕೊಂದು ಮಾಡಿ, ಉಳಿದ ನಾಲ್ಕನೆಯದಕ್ಕೆ 'ಕನ್ನಡ' ಎಂದು ಹೆಸರಿಟ್ಟಳು. "ಕನ್ನಡ ತೋ ಸಿರ್ಫ್ ಅಜ್ಜಿ ದೇಖ್ತೀ ಹೈ ನಾ" ಎಂದಳು. ಕನ್ನಡ ನೋಡುವುದು ಅಜ್ಜಿ ಮಾತ್ರ ಎಂಬ ಅವಳ ಮಾತು ನಮ್ಮ ಮನೆಯ ಮಟ್ಟಿಗೆ ಸರಿ. ಆದರೆ ಕಲ್ಯಾಣದ ಮನೆಯಲ್ಲೂ ಕನ್ನಡ ಸಿನಿಮಾ ನೋಡುವ ಜೀವ ಒಂದೇ, ಅವರ ಮನೆಯವರೂ ಅದೇ ಕೋಣೆಯ ಬಾಗಿಲು ತೆರೆದು ತಮ್ಮ ಹಿರಿಯರನ್ನು ಕೂರಿಸುತ್ತಾರೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅತ್ತೆಗೆ ಕಡ್ಡಿ ಹಿಡಿಸಲಿಲ್ಲ. "ಇದರಲ್ಲಿ ಸಿನಿಮಾ ಎಷ್ಟು ಗಂಟೆಗೆ?" ಎಂದು ಕೇಳಿದರು.

"ನಿನಗೆ ಬೇಕಾದಾಗ ಅಮ್ಮ. ಯಾವಾಗ ಕರೆದರೂ ಬರ್ತದೆ."

"ಕರೆದಾಗೆಲ್ಲ ಬರುವುದನ್ನು ಯಾರು ಕಾಯ್ತಾರೆ?"

ಆದರೂ ಹಸಿವಿಗೆ ರುಚಿಯಿಲ್ಲ. ವಾರ ಕಳೆಯುವಷ್ಟರಲ್ಲಿ ರಿಮೋಟಿನ ಮೂರು ಗುಂಡಿ ಕಲಿತು, ಎರಡು ಗಂಟೆಗೆ ಸರಿಯಾಗಿ ತಾವೇ ಸಿನಿಮಾ ಹಚ್ಚತೊಡಗಿದರು. ಚಹಾದ ಹೊತ್ತಿಗೆ ನಿಲ್ಲಿಸಿ ಉಳಿದದ್ದು ನಾಳೆಗೆ. ಅಲ್ಲಿಂದ ನಮ್ಮ ಮನೆಯಲ್ಲಿ ಭೂತ ಹೊಕ್ಕಿತು. ನಿನ್ನೆ ಮದುವೆ ಮಂಟಪದಲ್ಲಿ ನಿಲ್ಲಿಸಿದ ಸಿನಿಮಾ ಇಂದು ಹಚ್ಚಿದರೆ ನಾಯಕಿಗೆ ಮಗು ಹುಟ್ಟಿ ತೊಟ್ಟಿಲಲ್ಲಿ ಮಲಗಿರುತ್ತಿತ್ತು.

"ಯಾರು ನನ್ನ ಸಿನಿಮಾ ಮುಂದೆ ದೂಡಿದ್ದು?" ಎಂದು ಅತ್ತೆ ತನಿಖೆ ಶುರು ಮಾಡಿದರು. ಮೊದಲ ಅನುಮಾನ ಪಾತ್ರೆ ತೊಳೆಯಲು ಬರುವ ಮೌಶಿಯ ಮೇಲೆ, ಎರಡನೆಯದು ನನ್ನ ಮೇಲೆ. ನಾನು ಧಾರವಾಡದ ಆಣೆ ಹಾಕಿದೆ. ಆಮೇಲೆ ನನಗೂ ಕುತೂಹಲ ತಡೆಯದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಶಾಂತನಿಗೆ ಫೋನ್ ಮಾಡಿದೆ.

"ಅತ್ತಿಗೆ, ಇಲ್ಲಿಯೂ ಅದೇ ಗಲಾಟೆ. ಮುಗಿಯದ ಸಿನಿಮಾ ಹಿಂದೆ ಬರ್ತದೆ, ಮುಂದೆ ಹೋಗ್ತದೆ ಅಂತ ಅಮ್ಮ ಮನೆಯಲ್ಲಿ ಎಲ್ಲರನ್ನೂ ಬೈತಾ ಇದ್ದಾರೆ" ಎಂದ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಬೇರೆ ಕೋಣೆ ಮಾಡಿಕೊಡಲು ನಿಧಿಗೆ ನಿಮಿಷದ ಕೆಲಸ. ಪ್ರಶಾಂತ ಅದನ್ನೇ ಹೇಳಿದ. ನಾನು ಬೇಡ ಎಂದೆ. ಏಕೆ ಬೇಡ ಎಂದೆನೋ ಆಗ ನನಗೇ ಸ್ಪಷ್ಟವಿರಲಿಲ್ಲ. ಇಷ್ಟು ದಿನದ ಮೇಲೆ ಅಕ್ಕತಂಗಿ ಇಬ್ಬರೂ ಒಂದೇ ವಿಷಯಕ್ಕೆ ಜಗಳವಾಡುತ್ತಿದ್ದಾರಲ್ಲ ಎಂದು ಸಂತೋಷವಾಗಿತ್ತೇನೋ.

ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕರೆದರು. ಪರದೆಯ ಮೇಲೆ ಅರ್ಧ ನೋಡಿದ ಸಿನಿಮಾಗಳ ಸಾಲು. ಪ್ರತಿ ಚಿತ್ರದ ಕೆಳಗೆ ಎಷ್ಟು ನೋಡಿದ್ದೆಂದು ತೋರಿಸುವ ಒಂದು ಕೆಂಪು ಗೆರೆ.

"ಇದು ನಾನು ನೋಡಿದ್ದಲ್ಲ. ಇದೂ ಅಲ್ಲ" ಎಂದು ಒಂದೊಂದನ್ನೇ ತೋರಿಸಿದರು. "ಇದರಲ್ಲಿ ತಾಯಿ ಸಾಯುವ ಮೊದಲೇ ನಿಲ್ಲಿಸಿದ್ದಾರೆ. ಇದರಲ್ಲೂ ಹಾಗೆಯೇ, ಆಸ್ಪತ್ರೆಗೆ ಕರಕೊಂಡು ಹೋಗುವಲ್ಲಿಗೆ ಬಿಟ್ಟಿದ್ದಾರೆ. ಇದರಲ್ಲೂ."

ನಾನು ಕೈ ಒರೆಸಿಕೊಂಡು ಹತ್ತಿರ ಬಂದೆ.

"ಈ ಕಡ್ಡಿ ಕಲ್ಯಾಣದಲ್ಲೂ ಉಂಟಾ?"

ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ಹೌದೆಂದು ತಲೆಯಾಡಿಸಿದೆ. ಇನ್ನೇನು ಕಡ್ಡಿ ಕಿಟಕಿಯಿಂದ ಹಾರುತ್ತದೆ ಎಂದು ಕಾದೆ. ಅತ್ತೆ ರಿಮೋಟನ್ನು ಎರಡು ಕೈಯಲ್ಲಿ ಹಿಡಿದು ಕೂತರು.

"ಸುಮತಿಯೇ ಇದು. ಅವಳು ತಾಯಿ ಸಾಯುವುದನ್ನು ನೋಡುವವಳಲ್ಲ" ಎಂದರು. "ಠಾಣೆಯಿಂದ ಮಾಟುಂಗಕ್ಕೆ ಭಾನುವಾರ ಬೆಳಗಿನ ಆಟಕ್ಕೆ ಹೋಗ್ತಿದ್ದೆವು. ಆಗ ಕನ್ನಡ ಸಿನಿಮಾ ಅಂದರೆ ಅಲ್ಲಿ ಮಾತ್ರ. ಅಂಥ ಸೀನು ಬರುವಾಗ ನಾನು ಸೆರಗಿನಲ್ಲಿ ಅವಳ ಮುಖ ಮುಚ್ಚುತ್ತಿದ್ದೆ. ಎಲ್ಲ ಮುಗಿದ ಮೇಲೆ ತೆಗೆಯುವುದು. ನಮ್ಮ ಅಮ್ಮ ಹೋದದ್ದನ್ನು ಅವಳು ಹತ್ತಿರದಿಂದ ನೋಡಿದ್ದಾಳೆ ಮಾರಾಯ್ತಿ. ನಾನು ನೋಡ್ಲಿಲ್ಲ, ನೀರಿಗೆ ಹೋಗಿದ್ದೆ."

ಇಷ್ಟು ವರ್ಷದಲ್ಲಿ ಈ ಮಾತು ನನ್ನ ಮುಂದೆ ಬಂದಿರಲಿಲ್ಲ. ಅತ್ತೆ ಮೊದಲ ಸಿನಿಮಾವನ್ನು ಒತ್ತಿದರು. ಆಸ್ಪತ್ರೆ, ಬಿಳಿ ಹಾಸಿಗೆ, ಕೈ ಹಿಡಿದ ಮಗ. ತಾಯಿ ಸತ್ತಳು, ಚಿತೆಯೂ ಉರಿಯಿತು, ಅತ್ತೆ ಕಣ್ಣು ಒರೆಸಿಕೊಂಡು ನೋಡಿದರು. ಮುಂದಿನ ಸೀನಿನಲ್ಲಿ ಮಗ ರೈಲು ಇಳಿದು ಊರಿಗೆ ಬರುತ್ತಾನೆ. ಸರಿಯಾಗಿ ಅಲ್ಲಿ ನಿಲ್ಲಿಸಿದರು. ಆಮೇಲೆ ಎರಡನೆಯ ಸಿನಿಮಾ, ಆಮೇಲೆ ಮೂರನೆಯದು. ಒಂದೇ ಮಧ್ಯಾಹ್ನ ಮೂರು ತಾಯಂದಿರನ್ನು ತಾವೊಬ್ಬರೇ ಕೂತು ಸಾಗಿಸಿಬಿಟ್ಟರು. ಇನ್ನು ಕಲ್ಯಾಣದಲ್ಲಿ ಯಾರು ಆ ಸಿನಿಮಾ ಹಚ್ಚಿದರೂ ಅದು ಸಾವು ದಾಟಿದ ಮೇಲಿಂದಲೇ ಶುರುವಾಗುತ್ತದೆ.

"ಚಹಾ ಇಡು" ಎಂದರು ಎದ್ದು. "ಮತ್ತೆ, ನೀನು ನನಗೆ ಹೇಳಿದ್ದು ಅಂತ ಇವನಿಗೆ ಗೊತ್ತಾಗ್ಲಿಕ್ಕಿಲ್ಲ."

ಅಲ್ಲಿಂದ ಇದೇ ನಡೆಯಿತು. ಚಿಕ್ಕತ್ತೆ ಹೆದರಿ ನಿಲ್ಲಿಸಿದ ಕಡೆಯಿಂದ ಅತ್ತೆ ಹಿಡಿದು, ದುಃಖದ ಭಾಗ ತಾವು ನೋಡಿ, ಬಿಸಿಲು ಬಂದ ಕಡೆ ಬಿಡುತ್ತಿದ್ದರು. ನಾನು ಅಡಿಗೆಮನೆಯಿಂದ ನೋಡುತ್ತಿದ್ದೆ. ಕಲ್ಯಾಣದಲ್ಲಿ ಏನಾಗುತ್ತಿದೆಯೋ ಎಂದು ಪ್ರಶಾಂತನನ್ನು ಕೇಳಲು ಬಾಯಿ ತುರಿಸುತ್ತಿತ್ತು, ಕೇಳಲಿಲ್ಲ. ನನ್ನಂಥವಳು ಬಾಯಿ ಮುಚ್ಚಿಕೊಂಡಿದ್ದಳು ಎಂದರೆ ನಮ್ಮ ತವರಿನಲ್ಲಿ ಯಾರೂ ನಂಬುವುದಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಫೋನ್ ರಿಂಗಾಯಿತು. ಅತ್ತೆಯ ಕೈ ಹಿಟ್ಟಾಗಿತ್ತು, ನಾನೇ ಎತ್ತಿದೆ.

"ಅಕ್ಕ ಇದ್ದಾಳಾ?" ಚಿಕ್ಕತ್ತೆಯ ದನಿ.

ನಾನು ಫೋನನ್ನು ಅತ್ತೆಯ ಕಿವಿಗೆ ಹಿಡಿದೆ. ಆ ಕಡೆಯಿಂದ ತುಳುವಿನಲ್ಲಿ ಏನೋ ಒಂದು ಸಣ್ಣ ಪ್ರಶ್ನೆ. ಅತ್ತೆ ತುಳುವಿನಲ್ಲೇ ಉತ್ತರ ಹೇಳಿದರು, ಆಮೇಲೆ ನನಗೂ ತಿಳಿಯಲಿ ಎಂದೋ ಏನೋ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು: "ಹ್ಞೂ, ಅವಳು ಹೋಗಿ ಆಯ್ತು. ನಾನು ನೋಡಿದ್ದೇನೆ. ಇನ್ನು ಹೆದರಿಕೆ ಇಲ್ಲ, ನೀನು ಹಚ್ಚು."

ಹಿಟ್ಟು ಒಣಗುವವರೆಗೂ ಇಬ್ಬರೂ ಮಾತಾಡಿದರು. ನಾನು ಫೋನ್ ಹಿಡಿದು ಹಿಡಿದು ಕೈ ಸೋತು, ಕೈ ಬದಲಿಸುತ್ತ ನಿಂತೆ. ಅಷ್ಟು ಸುಖವಾದ ಕೈನೋವು ನನಗೆ ಹಿಂದೆಂದೂ ಬಂದಿಲ್ಲ. ಸಾರಿನ ವಿಷಯ ಆ ದಿನ ಬರಲಿಲ್ಲ, ಇಂದಿಗೂ ಬಂದಿಲ್ಲ.

ಈಗ ಮಂಗಳವಾರ ಮಂಗಳವಾರ ಅತ್ತೆಗೆ ಕಲ್ಯಾಣ. ಮಧ್ಯಾಹ್ನದ ಖಾಲಿ ಲೋಕಲ್ಲಿನಲ್ಲಿ ನಾನು ಜೊತೆಗೆ. ಕಳೆದ ಮಂಗಳವಾರ ನಮ್ಮವರೂ ಬಂದಿದ್ದರು, ಚಿಕ್ಕತ್ತೆ ಪತ್ರೊಡೆ ಮಾಡಿದ್ದಾರೆಂಬ ಸುದ್ದಿ ಕೇಳಿ. ಊಟವಾಯಿತು. ಎರಡು ಗಂಟೆಗೆ ಅಕ್ಕತಂಗಿ ಸೋಫಾದಲ್ಲಿ ಪಕ್ಕಪಕ್ಕ ಕೂತರು, ಇಬ್ಬರದೂ ಹೊಸದಾಗಿ ಕಟ್ಟಿದ ತುರುಬು. ನಮ್ಮವರು ರಿಮೋಟ್ ಒತ್ತಿದರು. ಸಿನಿಮಾದ ಬದಲು ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದವು. ನಮ್ಮವರು ಕನ್ನಡಕ ಸರಿಮಾಡಿ ಓದಿಕೊಂಡರು. ಮುಖದ ಬಣ್ಣ ಬದಲಾಯಿತು.

"ಎಂತ ಅಂತೆ?" ಅತ್ತೆ ಕೇಳಿದರು.

"ಒಂದು ಖಾತೆ ಒಂದೇ ಮನೆಯವರಿಗಂತೆ ಅಮ್ಮ. ಈ ಟಿವಿ ಬೇರೆ ಮನೆಯದ್ದು ಅಂತ ಅದಕ್ಕೆ ಸಂಶಯ ಬಂದಿದೆ."

"ಹೊಸ ಖಾತೆ ಮಾಡುವಾ ಅಣ್ಣ, ಬಿಡು" ಎಂದ ಪ್ರಶಾಂತ.

"ಕೆಳಗೆ ಎರಡು ಡಬ್ಬಿ ಕಾಣ್ತದಲ್ಲ, ಅದರಲ್ಲಿ ಎಂತ ಬರೆದಿದೆ?" ಅತ್ತೆ ಬೆರಳು ಮಾಡಿ ಕೇಳಿದರು.

"ಒಂದೇ ಮನೆಯವರಾದರೆ ಇದನ್ನು ಒತ್ತಿ, ಬೇರೆ ಬೇರೆ ಮನೆಯವರಾದರೆ ಅದನ್ನು ಒತ್ತಿ ಅಂತ."

ನಮ್ಮವರ ಬೆರಳು ರಿಮೋಟಿನ ಮೇಲೆ ನಿಂತುಬಿಟ್ಟಿತು. ಆಯುಷ್ಯದಲ್ಲಿ ಒಂದೂ ಸುಳ್ಳು ಲೆಕ್ಕ ಬರೆಯದ ಮನುಷ್ಯ. ಚಿಕ್ಕತ್ತೆ ಟಿವಿ ನೋಡುತ್ತಿರಲಿಲ್ಲ, ತಮ್ಮ ಮಡಿಲನ್ನು ನೋಡುತ್ತಿದ್ದರು. ಪ್ರಶಾಂತನೂ ನಾನೂ ಉಸಿರು ಬಿಗಿಹಿಡಿದಿದ್ದೆವು ಎಂದರೆ ನಗಬೇಡಿ, ನಿಜವಾಗಿ ಬಿಗಿಹಿಡಿದಿದ್ದೆವು.

"ಒಂದೇ ಮನೆ ಅಂತ ಒತ್ತು" ಎಂದರು ಅತ್ತೆ. "ಅದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?"

ಚಿಕ್ಕತ್ತೆ ತಲೆ ಎತ್ತಲಿಲ್ಲ. ಮೂಗು ಒರೆಸಿಕೊಂಡು, "ಎರಡು ಸಲ ಒತ್ತು ಮಗಾ" ಎಂದರು. "ನಮ್ಮ ರಿಮೋಟಿಗೆ ಒಂದು ಸಲ ಹೇಳಿದರೆ ಕೇಳುವುದಿಲ್ಲ."

ನಮ್ಮವರು ಎರಡು ಸಲ ಒತ್ತಿದರು.